ಬೆಟ್ಟ ಕುರುಬರ ನುಡಿ ರೆಕಾರ್ಡಿಂಗ್: ಯಾವ ಪಟ್ಟಿ, ಯಾವ ಮೈಕು?

ಎಂ.ಎ. ವಿದ್ಯಾರ್ಥಿ, ಮೈಸೂರು: ಎಚ್.ಡಿ. ಕೋಟೆ ಕಡೆಯ ಹಾಡಿಯಲ್ಲಿ ಎರಡು ದಿನ ಬೆಟ್ಟ ಕುರುಬರ ನುಡಿ ರೆಕಾರ್ಡ್ ಮಾಡಬೇಕಿದೆ. ಕೈಯಲ್ಲಿರೋದು 207 ಪದಗಳ ಸ್ವದೇಶ್ ಪಟ್ಟಿ (ಭಾಷಾವಿಜ್ಞಾನಿ ಮಾರಿಸ್ ಸ್ವದೇಶ್ ಹೆಸರಿನ ಮೂಲಪದಗಳ ಪಟ್ಟಿ), ಒಂದು ಫೋನು. ಸಾಕಾಗುತ್ತಾ?

ದನಿಗಾರ: ಫೋನ್ ಸಾಕು, ಅದರ ಒಳಗಿನ ಮೈಕು ಸಾಲದು. ಕಾಲರ್ ಮೈಕ್ ಸಿಕ್ಕಿಸಿ, ಬಾಯಿಂದ ಒಂದು ಗೇಣು ಕೆಳಗೆ, ಕೊಂಚ ಪಕ್ಕಕ್ಕೆ. ಬಾಯಿಗೆ ನೇರ ಹಿಡಿದರೆ ‘ಪ’, ‘ಬ’ ಬಂದಾಗ ಉಸಿರು ಬಡಿದು ದನಿ ಒಡೆಯುತ್ತೆ. ರೆಕಾರ್ಡಿಂಗ್ ಸೆಟ್ಟಿಂಗ್: ವೇವ್ (ಕುಗ್ಗಿಸದ) ಫೈಲ್, 48 ಕಿಲೋಹರ್ಟ್ಸ್, 24 ಬಿಟ್, ಮೊನೊ (ಒಂದೇ ಚಾನೆಲ್). ಗಂಟೆಗೆ ಸುಮಾರು 520 ಎಂಬಿ ಆಗುತ್ತೆ. ದನಿಯ ಮಟ್ಟವನ್ನು ತಾನೇ ಏರಿಳಿಸುವ ಆಟೋ ಲೆವೆಲ್ ಆಫ್ ಮಾಡಿ, ಇಲ್ಲದಿದ್ದರೆ ಅಜ್ಜಿ ಸುಮ್ಮನಾದ ಕೂಡಲೇ ಜೀರುಂಡೆ ಸದ್ದು ಮೇಲೇರುತ್ತೆ. ತಗಡಿನ ಸೂರಿಗಿಂತ ಮರದ ನೆರಳು ವಾಸಿ. ವಾಟ್ಸಾಪ್‌ನಲ್ಲಿ ಕಳಿಸಿ ಮೂಲ ಅಳಿಸಬೇಡಿ. ಕುಗ್ಗಿಸಿದ ಆಡಿಯೊದಲ್ಲಿ ‘ಸ’, ‘ಶ’ ಮಸುಕಾಗುತ್ತವೆ.

ಪದಕೋಶ: ಕೆಲಸ ಕೆಡಿಸೋದು ಮೈಕಿಗಿಂತ ಪಟ್ಟಿ. 207ರಲ್ಲಿ ಹಿಮ, ಸಮುದ್ರ ಎಲ್ಲ ಇವೆ. ಕೋಟೆ ಕಾಡಲ್ಲಿ ಹಿಮ ಯಾರಿಗೆ ಬೇಕು? ಅವನ್ನು ತೆಗೆದು ಗೆಡ್ಡೆಗೆಣಸು, ಹೆಜ್ಜೇನು, ತುಡುವೆ, ನಸರಿಯಂಥ ಜೇನಿನ ಹೆಸರು ಸೇರಿಸಿ. ‘ನೀರಿಗೆ ಏನಂತೀರಿ’ ಅಂತ ಕನ್ನಡದಲ್ಲಿ ಕೇಳಿದರೆ ಎಷ್ಟೋ ಸಲ ಕನ್ನಡವೇ ವಾಪಸ್ ಬರುತ್ತೆ. ವಸ್ತು ತೋರಿಸಿ ಕೇಳಿ.

ಬಿಡಿಪದ ಕೇಳುವ ಅಪಾಯ ಅಂಡಮಾನಿನ ಮಳೆಕಾಡಿನ ನುಡಿಗಳಲ್ಲಿ ಎದ್ದು ಕಾಣುತ್ತೆ. ಗ್ರೇಟ್ ಅಂಡಮಾನೀಸ್ ಗುಂಪಿನ ‘ಬೋ’ ನುಡಿಯ ಕೊನೆಯ ಮಾತುಗಾರ್ತಿ ಬೋವಾ ಸೀನಿಯರ್ 2010ರ ಜನವರಿಯಲ್ಲಿ ತೀರಿಕೊಂಡರು. ಆ ಗುಂಪಿನಲ್ಲಿ ಬರೀ ‘ತಲೆ’ ಅನ್ನೋಕಾಗಲ್ಲ, ಯಾರ ತಲೆ ಅಂತ ಹೇಳಲೇಬೇಕು. ತನ್ನ ತಲೆ ಮುಟ್ಟಿದವರು ‘ನನ್ನ ತಲೆ’ ಅಂತಾರೆ, ನಿಮ್ಮತ್ತ ಬೆರಳು ತೋರಿಸಿದವರು ‘ನಿನ್ನ ತಲೆ’ ಅಂತಾರೆ. ನೋಟ್‌ಬುಕ್ಕಿನಲ್ಲಿ ‘ತಲೆ’ಗೆ ಎರಡು ಪದ ಕೂತುಬಿಡುತ್ತೆ! ಅದೇ ಗುಂಪಿನ ಆಕಾ-ಬೋ, ಆಕಾ-ಜೆರು ನುಡಿಗಳ ಹೆಸರಿನ ‘ಆಕಾ’ ಕೂಡ ಬಾಯಿಗೆ ಸಂಬಂಧಪಟ್ಟ ಪೂರ್ವಪ್ರತ್ಯಯ, ಅಂದರೆ ಪದದ ಮೊದಲಿಗೆ ಸೇರುವ ತುಣುಕು. ಹಾಗಾಗಿ ಮೈಯ ಅಂಗ, ನಂಟಸ್ತಿಕೆ ಪದಗಳನ್ನು ನನ್ನ, ನಿನ್ನ, ಅವನ ಅಂತ ಮೂರೂ ರೂಪದಲ್ಲಿ ಹೇಳಿಸಿ.

ಎಂ.ಎ. ವಿದ್ಯಾರ್ಥಿ, ಮೈಸೂರು: ಥ್ಯಾಂಕ್ಸ್ ಸರ್. ಕನ್ನಡ ಲಿಪೀಲಿ ಬರೆದುಕೊಂಡರೆ ನಡೆಯುತ್ತಾ?

ಸ್ವರಭಾರ: ಅಲ್ಲೇ ಮುಗ್ಗರಿಸೋದು. ಬೆಟ್ಟ ಕುರುಬರ ನುಡಿಯಲ್ಲಿ ನಾಲಿಗೆಯ ನಡುಭಾಗ ಎದ್ದು ಹೊರಡುವ ಸ್ವರಗಳಿವೆ, ಕೊಡವ ತಕ್ಕ್‌ನಲ್ಲಿ ಇರುವಂಥವು. ಇ-ಯೂ ಅಲ್ಲ, ಉ-ಊ ಅಲ್ಲ. ಐಪಿಎ (ಉಚ್ಚಾರಣೆ ಬರೆಯುವ ಅಂತರರಾಷ್ಟ್ರೀಯ ಲಿಪಿ) ಬರದಿದ್ದರೆ ಹತ್ತಿರದ ಅಕ್ಷರ ಬರೆದು ಕೆಳಗೆ ಗೆರೆ ಎಳೆಯಿರಿ, ಆಮೇಲೆ ಕೇಳಿ ತಿದ್ದಬಹುದು. ಪ್ರತಿ ಪದ ಮೂರು ಸಲ ಹೇಳಿಸಿ, ನಡುವಿನದನ್ನು ಬಳಸಿ. ಕೊನೆಯದರಲ್ಲಿ ದನಿ ಇಳಿದಿರುತ್ತೆ. ಮುಂದಿನ ಹಲ್ಲು ಇಲ್ಲದವರ ‘ತ’, ‘ಸ’ ನಂಬೋಕಾಗಲ್ಲ, ಇನ್ನೊಬ್ಬರಿಂದಲೂ ಅದೇ ಪದ ಹೇಳಿಸಿ. ಹೊರಡೋ ಮುಂಚೆ ಮಾನಸಗಂಗೋತ್ರಿಯ ಭಾರತೀಯ ಭಾಷಾ ಸಂಸ್ಥಾನಕ್ಕೆ ಹೋಗಿ ಬನ್ನಿ. 10,000ಕ್ಕಿಂತ ಕಡಿಮೆ ಜನ ಆಡುವ ನುಡಿಗಳನ್ನು ದಾಖಲಿಸುವ ಯೋಜನೆ ಅಲ್ಲಿ 2013ರಲ್ಲಿ ಶುರುವಾಯಿತು.

ಪದಕೋಶ: ಒಪ್ಪಿಗೆಯನ್ನೂ ರೆಕಾರ್ಡಿಂಗ್‌ನಲ್ಲೇ ಕೇಳಿ. ಪೂಜೆಯ ಹಾಡು ಹೊರಗೆ ಹಾಕಬಾರದು ಅಂದರೆ ಆ ಫೈಲಿನ ಹೆಸರಲ್ಲೇ ಹಾಗಂತ ಬರೆದಿಡಿ.