ಅಪ್‌ಡೇಟ್: ಹಳೆಯ ಪವರ್ ಟಿಲ್ಲರ್‌ನಲ್ಲಿ ಕಚ್ಚಿಕೊಂಡಿದ್ದ ಹಬ್ ಹೊರಬಂದಿದೆ

ಮೂಡಿಗೆರೆ ಸಮೀಪದ ನಮ್ಮ ಕಾಫಿ ತೋಟದಲ್ಲಿ ಹಲವು ಮಳೆಗಾಲ ಶೆಡ್ಡಿನ ಹೊರಗೇ ನಿಂತಿದ್ದ ತಂದೆಯವರ ಪವರ್ ಟಿಲ್ಲರ್‌ನ ಎಡಚಕ್ರದ ಹಬ್ (ಚಕ್ರದ ನಡುಭಾಗ), ಆಕ್ಸಲ್‌ಗೆ (ಚಕ್ರ ಕೂರುವ ದಂಡಕ್ಕೆ) ತುಕ್ಕು ಹಿಡಿದು ಕಚ್ಚಿಕೊಂಡಿದ್ದರಿಂದ, ಅದನ್ನು ಕತ್ತರಿಸದೆ ತೆಗೆಯುವ ದಾರಿಯನ್ನು ಕಳೆದ ತಿಂಗಳು ಕೇಳಿದ್ದೆ. ಆಕ್ಸಲ್‌ಗೆ ಹಾನಿಯಾಗದಂತೆ ಹಬ್ ಈಗ ಹೊರಬಂದಿದೆ.

ಲಾಕ್ ಬೋಲ್ಟ್ ತೆಗೆದ ಮೇಲೆ, ಹೊರಗೆ ಕಾಣುವ ಆಕ್ಸಲ್ ತುದಿಯನ್ನು ತಂತಿ ಬ್ರಷ್ ಮತ್ತು ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿದೆ. ಇದನ್ನು ನಾನು ಮೊದಲೇ ಮಾಡಬೇಕಿತ್ತು. ಏಕೆಂದರೆ ಹಬ್ ಜಾರಿ ಬರಬೇಕಾದ ದಾರಿಯಲ್ಲಿಯೇ ತುಕ್ಕಿನ ಪದರವಿದ್ದರೆ, ಒಳಗಿನ ಹಿಡಿತ ಸಡಿಲಗೊಂಡರೂ ಅದು ಅಲ್ಲಿ ಮತ್ತೆ ಸಿಕ್ಕಿಕೊಳ್ಳುತ್ತದೆ. ನಂತರ 4 ದಿನ ಬೆಳಿಗ್ಗೆ, ಸಂಜೆ ಬೋಲ್ಟಿನ ರಂಧ್ರದ ಮೂಲಕ ತುಕ್ಕು ಬಿಡಿಸುವ ಎಣ್ಣೆಯನ್ನು ಬಿಟ್ಟೆ.

ಎಣ್ಣೆಯೊಂದರಿಂದಲೇ ಕೆಲಸವಾಗಲಿಲ್ಲ. ಐದನೆಯ ದಿನ ಟೈರನ್ನು ರಿಮ್ ಸಮೇತ ಬಿಚ್ಚಿ ದೂರವಿಟ್ಟು, ಎಣ್ಣೆಯನ್ನು ಪೂರ್ತಿ ಒರೆಸಿ, ಆಯಿಲ್ ಸೀಲ್ (ಒಳಗಿನ ಎಣ್ಣೆ ಸೋರದಂತೆ ತಡೆಯುವ ಉಂಗುರ) ಇರುವ ಕಡೆ ಒದ್ದೆ ಬಟ್ಟೆ ಸುತ್ತಿದ ಬಳಿಕ, ವೆಲ್ಡಿಂಗ್ ಕೆಲಸದವರು ಬಯಲಿನಲ್ಲಿಯೇ ಗ್ಯಾಸ್ ಜ್ವಾಲೆಯಿಂದ ಹಬ್ ಅನ್ನು ಮಾತ್ರ ಸುತ್ತಲೂ ಸಮನಾಗಿ ಕಾಯಿಸಿದರು. ಆಕ್ಸಲ್ ಬಿಸಿಯಾಗುವ ಮೊದಲೇ ಹಬ್ ಹಿಗ್ಗಬೇಕೆಂಬುದು ಇದರ ಉದ್ದೇಶ. ಹಬ್ ಅನ್ನು ಹೊರಗೆಳೆಯಲು ಮೊದಲೇ ಬಿಗಿದಿಟ್ಟಿದ್ದ ಪುಲ್ಲರ್ ಎಂಬ ಸಾಧನದ ಸ್ಕ್ರೂ ತಲೆಗೆ ಒಂದು ಪೆಟ್ಟು ಕೊಟ್ಟು, ಕಾಲು ಸುತ್ತು ತಿರುಗಿಸಿ, ಮತ್ತೆ ಪೆಟ್ಟು ಕೊಡುತ್ತ ಹೋದಾಗ, ಮೂರನೆಯ ಬಾರಿ ಕಾಯಿಸಿದ ಮೇಲೆ ಟಪ್ಪೆಂಬ ಸದ್ದಿನೊಂದಿಗೆ ಹಬ್ ಅಲುಗಿತು. ಆ ಸದ್ದು ಕೇಳಿ ತಂದೆಯವರು ಮನೆಯೊಳಗಿನಿಂದ ಎದ್ದು ಬಂದರು.

ಸುತ್ತಿಗೆಯಿಂದ ಆಕ್ಸಲ್ ತುದಿಗೆ ನೇರವಾಗಿ ಹೊಡೆಯಬೇಡಿ ಎಂದು ಎಚ್ಚರಿಸಿದವರಿಗೆ ನಾನು ಋಣಿ. ಬಲಗಡೆಯ ಹಬ್‌ಗೆ ಇಂದಿನಿಂದ ಎಣ್ಣೆ ಬಿಡಲು ಆರಂಭಿಸಿದ್ದೇನೆ.