ಎಸ್ಟಿಮೇಟ್ 9,200, ಬಿಲ್ 23,600: ನಾಳೆ ಗ್ಯಾರೇಜಿನಲ್ಲಿ ಏನು ಮಾತಾಡಲಿ?

ಮೈಸೂರಿನವಳು:
1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, 60,000 ಕಿ.ಮೀ. ಓಡಿದೆ. ಸರ್ವಿಸ್ ಮತ್ತು ಮುಂದಿನ ಬ್ರೇಕ್ ಪ್ಯಾಡ್‌ಗೆ ಅಂತ ಬಿಟ್ಟಿದ್ದು, ಎಸ್ಟಿಮೇಟ್ 9,200. ಮಧ್ಯೆ ಫೋನ್ ಮಾಡಿ ಕ್ಲಚ್ ಹೋಗಿದೆ ಅಂದರು, ಒಪ್ಪಿದೆ. ಈಗ ಬಿಲ್ 23,600. ಅದರಲ್ಲಿ ಎಂಜಿನ್ ಫ್ಲಶ್, ಥ್ರಾಟಲ್ ಬಾಡಿ ಕ್ಲೀನಿಂಗ್, ಎಸಿ ಡಿಸ್‌ಇನ್ಫೆಕ್ಷನ್, ಎರಡು ಬ್ರೇಕ್ ಡಿಸ್ಕ್ (ಪ್ಯಾಡ್ ಒತ್ತಿ ಹಿಡಿಯುವ ಲೋಹದ ತಟ್ಟೆ), 'ಕನ್ಸ್ಯೂಮಬಲ್ಸ್' ಎಲ್ಲ ಸೇರಿವೆ. ಇವಕ್ಕೆ ಯಾರೂ ನನ್ನನ್ನು ಕೇಳಿಲ್ಲ. ಪೂರ್ತಿ ಕಟ್ಟದೆ ಗಾಡಿ ಬಿಡಲ್ಲವಂತೆ. ಜೋರು ಮಾಡಿ ಅಭ್ಯಾಸ ಇಲ್ಲ. ತಿಳಿದವರು ಹೇಳಿ.

ಹಳೇ ಗೇರ್:
ಜೋರು ಬೇಕಾಗಿಲ್ಲ ಮೇಡಂ. 'ಬಿಲ್ ಜಾಸ್ತಿ ಆಯ್ತು, ಸ್ವಲ್ಪ ನೋಡಿ' ಅಂತ ಮಾತ್ರ ಶುರು ಮಾಡಬೇಡಿ. ಹಾಗಂದರೆ ಅದು ಸಂತೆ ಚೌಕಾಸಿ. ಐನೂರೋ ಸಾವಿರವೋ ಡಿಸ್ಕೌಂಟ್ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ, ಅಷ್ಟನ್ನು ಮೊದಲೇ ಸೇರಿಸಿಟ್ಟಿರುತ್ತಾರೆ. ಜಾಬ್ ಕಾರ್ಡ್ (ಗಾಡಿ ಬಿಡುವಾಗ ಮಾಡಬೇಕಾದ ಕೆಲಸ ಬರೆದುಕೊಟ್ಟ ಚೀಟಿ), ಎಸ್ಟಿಮೇಟ್, ಬಿಲ್ ಮೂರನ್ನೂ ಪಕ್ಕಪಕ್ಕ ಇಟ್ಟು, ಬಿಲ್ಲಿನ ಒಂದೊಂದು ಸಾಲಿಗೂ ಬೆರಳಿಟ್ಟು ಒಂದೇ ಪ್ರಶ್ನೆ ಕೇಳಿ: 'ಇದಕ್ಕೆ ನನ್ನ ಒಪ್ಪಿಗೆ ಎಲ್ಲಿದೆ, ತೋರಿಸಿ.' ಕ್ಲಚ್‌ಗೆ ಹ್ಞೂಂ ಅಂದಿದ್ದು ಡಿಸ್ಕ್‌ಗೆ ಅನ್ವಯಿಸಲ್ಲ. 'ಫೋನಲ್ಲಿ ಹೇಳಿದ್ವಲ್ಲ' ಅಂದರೆ ಯಾವ ನಂಬರಿಗೆ, ಎಷ್ಟು ಗಂಟೆಗೆ ಅಂತ ಕೇಳಿ, ನಿಮ್ಮ ಕಾಲ್ ಲಿಸ್ಟ್ ತೆರೆದಿಡಿ. ಕೆಲವು ಕಡೆ ಓಟಿಪಿ ಕೇಳುತ್ತಾರೆ. ಅದು ಬರೀ ನಂಬರ್ ಪರೀಕ್ಷೆ ಇರಲಿಕ್ಕಿಲ್ಲ, ಪರಿಷ್ಕೃತ ಎಸ್ಟಿಮೇಟ್‌ಗೆ ನಿಮ್ಮ ಸಹಿಯೂ ಆಗಿರಬಹುದು. ಹಳೆ ಮೆಸೇಜ್ ಒಮ್ಮೆ ನೋಡಿಕೊಂಡೇ ಹೋಗಿ.

ಸಂಜೆ ಹೋಗಬೇಡಿ, ಡೆಲಿವರಿ ಗದ್ದಲದಲ್ಲಿ ಯಾರೂ ಕೂತು ಮಾತಾಡಲ್ಲ. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ. ಕೌಂಟರಿನಲ್ಲಿ ಮಾತಾಡುವ ಸರ್ವಿಸ್ ಅಡ್ವೈಸರ್ ಕೈಯಲ್ಲಿ ಬಿಲ್ಲಿನ ದೊಡ್ಡ ಸಾಲು ತೆಗೆಯುವ ಅಧಿಕಾರ ಸಾಮಾನ್ಯವಾಗಿ ಇರಲ್ಲ, ವರ್ಕ್ಸ್ ಮ್ಯಾನೇಜರನ್ನೇ ಕರೆಸಿ.

ಹದಿನಾಲ್ಕರ ಸ್ಪ್ಯಾನರ್:
ಕ್ಲಚ್ ಸಾಲುಗಳನ್ನು ಗಮನವಿಟ್ಟು ಓದಿ, ದೊಡ್ಡ ದುಡ್ಡು ಅಲ್ಲೇ ಕೂತಿರುತ್ತೆ. ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಇಳಿಸಲೇಬೇಕು. ಒಮ್ಮೆ ಇಳಿಸಿದರೆ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಕೈಗೆ ಸಿಗುತ್ತವೆ. ಹಾಗಾಗಿ 'ಗೇರ್‌ಬಾಕ್ಸ್ ಇಳಿಸಿ ಏರಿಸಿದ್ದು' ಒಂದು ಲೇಬರ್, 'ಕ್ಲಚ್ ಬದಲಾವಣೆ' ಇನ್ನೊಂದು ಪೂರ್ತಿ ಲೇಬರ್, 'ರಿಲೀಸ್ ಬೇರಿಂಗ್' ಮತ್ತೊಂದು ಅಂತಿದ್ದರೆ ಒಂದೇ ಕೆಲಸಕ್ಕೆ ಮೂರು ಕೂಲಿ. ಕ್ರ್ಯಾಂಕ್ ಹಿಂದಿನ ಆಯಿಲ್ ಸೀಲ್ ಹಾಕಿದ್ದರೆ ಫ್ಲೈವೀಲ್ (ಕ್ಲಚ್ ಕೂರುವ ಭಾರದ ಚಕ್ರ) ಬಿಚ್ಚಿದ ಸ್ವಲ್ಪ ಹೆಚ್ಚುವರಿ ಲೇಬರ್ ನ್ಯಾಯ, ಗೇರ್‌ಬಾಕ್ಸ್ ಕೂಲಿ ಮತ್ತೆ ಸೇರಬಾರದು. ಆದರೆ ಗೇರ್ ಆಯಿಲ್ ಸುಮಾರು 2 ಲೀಟರ್ ಹಾಕಿದ್ದರೆ ಜಗಳ ತೆಗೆಯಬೇಡಿ: ಡ್ರೈವ್ ಶಾಫ್ಟ್ (ಗೇರ್‌ಬಾಕ್ಸ್‌ನಿಂದ ಚಕ್ರಕ್ಕೆ ಹೋಗುವ ದಂಡ) ಎಳೆಯುವ ಮೊದಲು ಆ ಎಣ್ಣೆ ಬಸಿಯಲೇಬೇಕು.

ಡಿಸ್ಕ್ ವಿಚಾರ. ಎರಡೂ ಬದಿ ಒಟ್ಟಿಗೇ ಬದಲಿಸುವುದು ಸರಿಯಾದ ಕ್ರಮ, 'ಎರಡೇಕೆ' ಅನ್ನಬೇಡಿ. ಬೇಕಿತ್ತೇ ಅನ್ನುವುದಕ್ಕೆ ಸಾಕ್ಷಿ ಹಳೆ ಡಿಸ್ಕ್‌ನಲ್ಲೇ ಇದೆ. ಸಾಮಾನ್ಯವಾಗಿ ಅಂಚಿನಲ್ಲೋ ನಡುವಿನ ಟೋಪಿಯ ಮೇಲೋ 'ಮಿನ್ ಟಿಎಚ್' (ಕನಿಷ್ಠ ದಪ್ಪ) ಅಂತ ಇಂಗ್ಲಿಷ್ ಅಕ್ಷರದಲ್ಲಿ ಕೊರೆದು ಮಿಲಿಮೀಟರ್ ಅಂಕಿ ಕೊಟ್ಟಿರುತ್ತಾರೆ. ಅದಕ್ಕಿಂತ ತೆಳ್ಳಗಿದ್ದರೆ, ಬಿರುಕಿದ್ದರೆ, ಬ್ರೇಕ್ ತುಳಿದಾಗ ಪೆಡಲ್ ನಡುಗುತ್ತಿದ್ದರೆ ಬದಲಿಸಿದ್ದು ತಪ್ಪಲ್ಲ. ಅಳೆಯುವಾಗ ಒಂದು ಮೋಸವಿದೆ: ಸವೆದ ಡಿಸ್ಕ್‌ನ ಹೊರ ಅಂಚಿನಲ್ಲಿ ಸವೆಯದ ದಿಬ್ಬ ಉಳಿದಿರುತ್ತೆ, ವರ್ನಿಯರ್ (ದಪ್ಪ ಅಳೆಯುವ ಸಲಕರಣೆ) ದವಡೆ ಅದಕ್ಕೆ ತಾಗಿದರೆ ದಪ್ಪ ಹೆಚ್ಚು ತೋರಿಸುತ್ತೆ. ಹಾಗೆ ಅಳೆದು ವಾದಕ್ಕಿಳಿದರೆ ನೀವೇ ಸೋಲುತ್ತೀರಿ. ಪ್ಯಾಡ್ ಉಜ್ಜುವ ಜಾಗದಲ್ಲಿ ಎರಡೂ ಬದಿಗೆ ಒಂದೊಂದು ನಾಣ್ಯ ಒತ್ತಿ ಹಿಡಿದು, ನಾಣ್ಯಗಳ ಮೇಲೆ ವರ್ನಿಯರ್ ಇಟ್ಟು ಅಳೆಸಿ, ಆಮೇಲೆ ಎರಡು ನಾಣ್ಯದ ದಪ್ಪ ಕಳೆಯಿರಿ. ಅಳತೆ ಕಾಣುವ ಹಾಗೆ ಫೋಟೋ ತೆಗೆಯಿರಿ. ಪ್ಯಾಡ್‌ಗೆ ಸುಲಭ ಲೆಕ್ಕ: ಹೊಸದರಲ್ಲಿ ಉಜ್ಜುವ ಪದರ ಸುಮಾರು 10 ಮಿ.ಮೀ., 3ಕ್ಕೆ ಬಂದರೆ ಬದಲಿಸಬೇಕು.

ಎಂಜಿನ್ ಆಯಿಲ್ ಎಷ್ಟು ಹಿಡಿಯುತ್ತೆ ಅನ್ನುವುದು ಓನರ್ಸ್ ಮ್ಯಾನ್ಯುಯಲ್‌ನಲ್ಲಿದೆ. ನಿಮ್ಮ 1.2 ಲೀಟರ್ ಅಳತೆಯ ಪೆಟ್ರೋಲ್ ಎಂಜಿನ್‌ಗೆ ಫಿಲ್ಟರ್ ಸೇರಿ ಸಾಮಾನ್ಯವಾಗಿ 3ರಿಂದ 3.5 ಲೀಟರ್. 4 ಲೀಟರ್ ಬಿಲ್ ಆಗಿದ್ದರೆ ಉಳಿದದ್ದನ್ನು ಡಬ್ಬದ ಸಮೇತ ಕೇಳಿ. ಬ್ಯಾರೆಲ್‌ನಿಂದ ಹಾಕಿದ್ದರೆ ಹಾಕಿದಷ್ಟಕ್ಕೇ ಬಿಲ್ ಆಗಬೇಕು.

ಫ್ಲಶ್, ಎಸಿ ಸ್ಪ್ರೇ ಇತ್ಯಾದಿ ಮ್ಯಾನ್ಯುಯಲ್‌ನ ಸರ್ವಿಸ್ ಪಟ್ಟಿಯಲ್ಲಿ ಇದೆಯೇ ನೋಡಿ, ಬಹುತೇಕ ಇರಲ್ಲ. ಇವು ಅಡ್ವೈಸರ್‌ಗಳ ತಿಂಗಳ ಟಾರ್ಗೆಟ್ ತುಂಬಿಸುವ ಬಾಬತ್ತು.

ಲೆಕ್ಕಪತ್ರ:
ಎಲ್ಲರೂ ಲೇಬರ್ ಕಡೆ ನೋಡುತ್ತಿದ್ದೀರಿ, ನಾನು ತೆರಿಗೆ ಕಡೆ. ಪೊಟ್ಟಣದ ಮೇಲಿನ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆ ಸೇರಿದೆ. ಅದರ ಮೇಲೆ ಮತ್ತೆ ಜಿಎಸ್‌ಟಿ ಹಾಕುವಂತಿಲ್ಲ. ಆದರೂ ಹಾಕುತ್ತಾರೆ, ಹೀಗೆ: ಪ್ಯಾಡ್ ಡಬ್ಬದ ಮೇಲೆ 2,150 ಇದೆ ಅನ್ನಿ. ಬಿಲ್ಲಿನಲ್ಲಿ ಬೆಲೆ 2,150, ಶೇ. 18ರ ತೆರಿಗೆ 387, ಒಟ್ಟು 2,537. ಸರಿಯಾಗಿ ಬರೆದರೆ ಬೆಲೆ 1,822, ತೆರಿಗೆ 328, ಒಟ್ಟು ಅದೇ 2,150. ಕ್ಲಚ್ ಸೆಟ್, ಡಿಸ್ಕ್, ಫಿಲ್ಟರ್ ಎಲ್ಲದರಲ್ಲೂ ಹೀಗೆ ಮಾಡಿದ್ದರೆ ಸಾವಿರಗಟ್ಟಲೆ ಆಗುತ್ತೆ. ಖಾಲಿ ಡಬ್ಬಗಳನ್ನು ಕೇಳಿ ಪಡೆಯಿರಿ. ಪಾರ್ಟ್ ನಂಬರ್ ಬಿಲ್ಲಿನದಕ್ಕೆ ಹೊಂದುತ್ತದೆಯೇ ನೋಡಿ, ಎಂಆರ್‌ಪಿ ಫೋಟೋ ತೆಗೆಯಿರಿ. ಎಂಆರ್‌ಪಿ ಮೀರಿದ ದೂರು ಕಾನೂನು ಮಾಪನಶಾಸ್ತ್ರ ಇಲಾಖೆಗೆ ಹೋಗುತ್ತೆ. ಕೌಂಟರಿನಲ್ಲಿ ಆ ಹೆಸರು ಮೆಲ್ಲಗೆ ಎತ್ತಿದರೂ ಸಾಕಾಗಬಹುದು.

ಇನ್ನೊಂದು: 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳಿಗೆ ಒಂದೇ ದರ, ಶೇ. 18. ಮೊದಲು ಹಲವಕ್ಕೆ 28 ಇತ್ತು. ಈಗಲೂ 28 ಬಿದ್ದಿದ್ದರೆ ತಪ್ಪು. ಬಿಲ್ಲಿನ ಜಿಎಸ್‌ಟಿ ಸಂಖ್ಯೆ 15 ಅಕ್ಷರದ್ದು, ಕರ್ನಾಟಕದ್ದಾದರೆ 29ರಿಂದ ಶುರು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿ. ಕಾಂಪೊಸಿಷನ್ ವ್ಯಾಪಾರಿ (ವಹಿವಾಟಿನ ಮೇಲೆ ಕಡಿಮೆ ದರದ ತೆರಿಗೆ ತಾನೇ ಕಟ್ಟುವ ಸಣ್ಣ ವ್ಯಾಪಾರಿ) ಅಂತ ತೋರಿಸಿದರೆ ಅವರು ಗ್ರಾಹಕರಿಂದ ತೆರಿಗೆ ವಸೂಲಿ ಮಾಡುವಂತೆಯೇ ಇಲ್ಲ. 'ಬಿಲ್ ಬೇಡ ಅಂದ್ರೆ 18 ಪರ್ಸೆಂಟ್ ಉಳಿಯುತ್ತೆ' ಅಂದರೆ ಒಪ್ಪಬೇಡಿ, ಬಿಲ್ಲಿಲ್ಲದಿದ್ದರೆ ನಾಳೆ ದೂರೂ ಇಲ್ಲ, ವಾರಂಟಿಯೂ ಇಲ್ಲ.

ಕನ್ಸ್ಯೂಮಬಲ್ಸ್ ಸಾಲು ಬಿಡಿಸಿ ಬರೆಯಿರಿ ಅನ್ನಿ. ಬ್ರೇಕ್ ಕ್ಲೀನರ್, ಗ್ರೀಸ್, ಬಟ್ಟೆ ಅಂತ ನೂರಿನ್ನೂರು ಇದ್ದರೆ ಬಿಟ್ಟುಬಿಡಿ.

ಎರಡನೇ ಕೀ:
ಇಷ್ಟೆಲ್ಲ ಯಾಕೆ? ಸ್ಪೇರ್ ಕೀ ತಗೊಂಡು ಹೋಗಿ ಗಾಡಿ ಓಡಿಸಿಕೊಂಡು ಬರುವುದು ಸುಲಭ.

ಕಟಕಟೆ:
ದಯವಿಟ್ಟು ಹಾಗೆ ಮಾಡಬೇಡಿ, ನ್ಯಾಯ ನಿಮ್ಮದಿದ್ದದ್ದು ಅವರದಾಗುತ್ತೆ. 1872ರ ಕರಾರು ಕಾಯ್ದೆಯ 170ನೇ ಸೆಕ್ಷನ್ ಪ್ರಕಾರ, ವಸ್ತುವಿನ ಮೇಲೆ ದುಡಿಮೆ, ಕೌಶಲ ಹಾಕಿದವನು ಕೂಲಿ ಬರುವವರೆಗೆ ಅದನ್ನು ತನ್ನಲ್ಲಿ ಇಟ್ಟುಕೊಳ್ಳಬಹುದು. ಆ ಹಕ್ಕು ಒಪ್ಪಿದ ಕೆಲಸದ ಕೂಲಿಗೆ. ಒಪ್ಪದ ಕೆಲಸಕ್ಕೂ ಗಾಡಿ ಹಿಡಿದಿಡುವುದು ವಿವಾದದ ವಿಷಯ, ಆದರೆ ಅದು ಕೌಂಟರಿನಲ್ಲಿ ತೀರ್ಮಾನ ಆಗಲ್ಲ. ಮೊದಲು ಒಪ್ಪಿದ ಬಾಬತ್ತಿನ ಮೊತ್ತ ಕೂಡಿ, ಅಷ್ಟನ್ನು ಈಗಲೇ ಕಟ್ಟುತ್ತೇನೆ ಅನ್ನಿ. ಆಗಲ್ಲ ಅಂದರೆ, ಗಾಡಿ ಬೇಕೇಬೇಕಿದ್ದರೆ, ಪೂರ್ತಿ ಕಟ್ಟಿ, ಆದರೆ ಅವರ ಪ್ರತಿ, ನಿಮ್ಮ ಪ್ರತಿ ಎರಡರ ಮೇಲೂ ಪೆನ್ನಿನಲ್ಲಿ ಹೀಗೆ ಬರೆದು ಸಹಿ, ತಾರೀಕು ಹಾಕಿ:

'ಕ್ರಮ ಸಂಖ್ಯೆ ಇಂತಿಂಥವಕ್ಕೆ ನನ್ನ ಒಪ್ಪಿಗೆ ಇರಲಿಲ್ಲ. ವಾಹನ ಬಿಡಿಸಿಕೊಳ್ಳುವ ಸಲುವಾಗಿ ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ.'

ನಗದು ಬೇಡ, ಯುಪಿಐ ಅಥವಾ ಕಾರ್ಡ್. ಗೇಟ್ ಪಾಸ್ ಜೊತೆ 'ಕೆಲಸ ತೃಪ್ತಿಕರವಾಗಿದೆ' ಅನ್ನುವ ಚೀಟಿ ಕೊಟ್ಟರೆ ಅದರ ಮೇಲೂ ಇದೇ ಸಾಲು ಬರೆಯಿರಿ. ಬರೆಯಲು ಬಿಡದಿದ್ದರೆ ಅಲ್ಲೇ ನಿಂತು ಅವರ ಇ-ಮೇಲ್‌ಗೆ ಅದನ್ನೇ ಕಳಿಸಿ, ಆಮೇಲೆ ದುಡ್ಡು ಕಟ್ಟಿ. ಇ-ಮೇಲ್‌ನ ಸಮಯ ಪಾವತಿಗಿಂತ ಮುಂಚಿನದಾಗಿರಬೇಕು.

ಮುಂದಿನದು: 15 ದಿನ ಗಡುವು ಕೊಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್. ವಕೀಲರೇ ಬರೆಯಬೇಕೆಂದಿಲ್ಲ. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅದು ರಾಜಿ ಮಾಡಿಸುವ ವ್ಯವಸ್ಥೆ, ಆದೇಶ ಕೊಡುವ ಅಧಿಕಾರ ಇಲ್ಲ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯಲ್ಲಿ ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷ ಕಾಲಾವಕಾಶ, ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ಸಲ್ಲಿಕೆ. ದೂರುಗಳು ಸೋಲುವುದು 'ಬೇಡದ ಕೆಲಸ ಮಾಡಿದರು' ಅನ್ನುವುದಕ್ಕೆ ಪುರಾವೆ ಇಲ್ಲದೆ. ಹಾಗಾಗಿ ಸ್ಪ್ಯಾನರ್ ಅವರು ಹೇಳಿದ ಹಳೆ ಭಾಗ ಮನೆಗೆ ಬರಲಿ, ಇನ್ನೊಂದು ವರ್ಕ್‌ಶಾಪಿನಿಂದ ಲೆಟರ್‌ಹೆಡ್ ಮೇಲೆ ವರದಿ ಬರೆಸಿ.

ಕೌಂಟರ್ ಆಚೆ:
ವರ್ಕ್‌ಶಾಪ್ ಕಡೆಯಿಂದಲೂ ಒಂದು ಮಾತು. ಎಸ್ಟಿಮೇಟ್ ಏರಿದ್ದೆಲ್ಲ ಸುಲಿಗೆಯಲ್ಲ. ಚಕ್ರ ಬಿಚ್ಚಿದ ಮೇಲೆ ಕ್ಯಾಲಿಪರ್ ಪಿನ್ (ಪ್ಯಾಡ್ ಒತ್ತುವ ಹಿಡಿಕೆ ಜಾರುವ ಕಡ್ಡಿ) ಕಚ್ಚಿಕೊಂಡಿದ್ದು ಕಾಣುತ್ತೆ, ಒಳಗಿನ ಪ್ಯಾಡ್ ಪೂರ್ತಿ ಸವೆದು ಲೋಹ ಡಿಸ್ಕನ್ನು ಕೊರೆದಿರುತ್ತೆ, ಹೊರಗಿನದು ಅರ್ಧ ಉಳಿದಿರುತ್ತೆ. ಹೊರಗಿನಿಂದ ನೋಡಿದವರಿಗೆ ಅದು ತಿಳಿಯಲ್ಲ. ಆದರೆ ಅಂಥದ್ದು ಕಂಡಾಗ ಫೋಟೋ ಕಳಿಸಲು ಎರಡು ನಿಮಿಷ ಸಾಕು. ಕಳಿಸಿಲ್ಲ ಅಂದರೆ ತಪ್ಪು ಅವರದೇ. ಮುಂದಿನ ಸಲ ಗಾಡಿ ಬಿಡುವಾಗ ಜಾಬ್ ಕಾರ್ಡ್ ಮೇಲೆ ಒಂದು ಸಾಲು ಬರೆಸಿ: 'ಎಸ್ಟಿಮೇಟ್ ಮೇಲೆ 500 ರೂ. ಮೀರಿದರೆ ವಾಟ್ಸ್ಆ್ಯಪ್ ಒಪ್ಪಿಗೆ ಇಲ್ಲದೆ ಮಾಡಬಾರದು, ಹಳೆಯ ಭಾಗ ಹಿಂತಿರುಗಿಸಬೇಕು.'

ಮೈಸೂರಿನವಳು:
ಹಳೆ ಡಿಸ್ಕ್ ಗುಜರಿಗೆ ಹೋಯ್ತು ಅಂದುಬಿಟ್ಟರೆ?

ಹದಿನಾಲ್ಕರ ಸ್ಪ್ಯಾನರ್:
ಒಂದೊಂದೇ ಕಿಲೋಗಟ್ಟಲೆ ತೂಗುವ ಕಬ್ಬಿಣ ಒಂದೇ ದಿನದಲ್ಲಿ ಮಾಯವಾಗಲ್ಲ, ಶೆಡ್ಡಿನ ಹಿಂದಿನ ರಾಶಿ ತೋರಿಸಿ ಅನ್ನಿ. ವಾರಂಟಿಯಲ್ಲೋ ವಿಮೆಯಲ್ಲೋ ಬದಲಿಸಿದ್ದಾದರೆ ಹಳೆಯದನ್ನು ಅವರು ಇಟ್ಟುಕೊಳ್ಳಬಹುದು, ನೀವು ದುಡ್ಡು ಕೊಟ್ಟಿದ್ದಾದರೆ ಅದು ನಿಮ್ಮದು. ರಾಶಿಯಿಂದ ಯಾವುದೋ ಎರಡು ತಂದುಕೊಟ್ಟರೆ ಹೊಸ ಡಿಸ್ಕ್ ಪಕ್ಕ ಹಿಡಿದು ಬೋಲ್ಟ್ ತೂತುಗಳ ಲೆಕ್ಕ, ಸುತ್ತಳತೆ ಹೋಲಿಸಿ. ಸಿಗಲೇ ಇಲ್ಲ ಅಂದರೆ 'ಹಳೆಯ ಭಾಗ ಕೊಟ್ಟಿಲ್ಲ' ಅಂತ ಬಿಲ್ ಮೇಲೆ ಅವರ ಕೈಯಲ್ಲೇ ಬರೆಸಿ. ಬರೆಯಲು ಪೆನ್ ಎತ್ತುವ ಬದಲು ಆ ಸಾಲನ್ನೇ ಬಿಲ್ಲಿನಿಂದ ತೆಗೆದರೆ ಆಶ್ಚರ್ಯಪಡಬೇಡಿ.