ವೇದಿಕೆ ಭಯ: ಪಿಯುಸಿ 96 ಬ್ಯಾಚ್ ಗುಂಪಿನ ಜಗಳ

ರಮೇಶ (ಫಾರ್ವರ್ಡ್): ಸ್ಟೇಜ್ ಭಯಕ್ಕೆ 4 ರಾಮಬಾಣ! 1. ಭಾಷಣ ಪೂರ್ತಿ ಬಾಯಿಪಾಠ ಮಾಡಿ. 2. ಇಪ್ಪತ್ತು ಸಲ ಜೋರಾಗಿ ಎದೆತುಂಬ ಉಸಿರೆಳೆಯಿರಿ. 3. ಸೊಂಟದ ಮೇಲೆ ಕೈಯಿಟ್ಟು 2 ನಿಮಿಷ ನಿಂತರೆ ಹಾರ್ಮೋನೇ ಬದಲಾಗುತ್ತದೆ. 4. ಅರ್ಧ ಗಂಟೆ ಮುಂಚೆ ಎದೆಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಮಾತ್ರೆ, 40 ಎಂಜಿ.

ರಮೇಶ: ಮಗಳಿಗೆ ಶನಿವಾರ ಸೆಮಿನಾರ್. ಅವಳಿಗೂ ಕಳಿಸ್ದೆ.

ಶಶಿ: ನಾಲ್ಕನೇದು ಬೇಡ ಅಂತ ಈಗ್ಲೇ ಫೋನ್ ಮಾಡಿ ಹೇಳೋ. ಆಸ್ತಮಾ ಇರೋರಿಗೆ ಶ್ವಾಸನಾಳ ಬಿಗಿದುಬಿಡುತ್ತೆ. ಇನ್ಸುಲಿನ್ ತಗೊಳ್ಳೋರಿಗೆ ಶುಗರ್ ಇಳಿದಾಗ ಎದೆ ಹೊಡ್ಕೊಳ್ಳುತ್ತಲ್ಲ, ಆ ಎಚ್ಚರಿಕೆನೇ ಗೊತ್ತಾಗಲ್ಲ.

ವಾಸು: ಪಾಶ್ಚಾತ್ಯ ಆರ್ಕೆಸ್ಟ್ರಾದೋರು ಎಷ್ಟೋ ಜನ ತಗೋತಾರಲ್ಲೋ ಶಶಿ.

ಶಶಿ: ತಗೋತಾರೆ, ಪಿಟೀಲಿನ ಕಮಾನು ನಡುಗಬಾರದು ಅಂತ. ಗಾಬರಿಯಾದಾಗ ಮೈಯಲ್ಲಿ ಉಕ್ಕೋ ಅಡ್ರಿನಲಿನ್ ಹಾರ್ಮೋನು ಹೃದಯಕ್ಕೆ, ಕೈಗೆ ಮಾಡೋ ಕೆಲಸವನ್ನ ಆ ಮಾತ್ರೆ ತಡೆಯುತ್ತೆ. ‘ಮರೆತುಹೋದ್ರೆ?’ ಅನ್ನೋ ಯೋಚನೆ ಇದ್ದಲ್ಲೇ ಇರುತ್ತೆ. ಬೇಕೇಬೇಕು ಅಂದ್ರೂ ಡಾಕ್ಟರು ನಾಡಿ, ಬಿಪಿ ನೋಡಿ ಬರೀಬೇಕು, ಮನೇಲಿ ಒಂದ್ಸಲ ತಗೊಂಡು ನೋಡಿರಬೇಕು. ಅರ್ಧ ಗಂಟೆ ಅಂತ ಬರೆದಿರೋದೂ ತಪ್ಪು, ಒಂದು ಗಂಟೆಯಾದ್ರೂ ಬೇಕು.

ರಮೇಶ: ಸರಿ, ಮಾತ್ರೆ ಬಿಟ್ಟೆ. ಉಸಿರಾಟದಲ್ಲಿ ಏನು ತಪ್ಪು?

ಗೀತಾ: ಜೋರಾಗಿ ಇಪ್ಪತ್ತು ಸಲ ಎಳೆದ್ರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದುಹೋಗುತ್ತೆ ಕಣೋ. ತಲೆ ಹಗುರ, ತುಟಿ–ಬೆರಳು ಜುಮ್ ಅನ್ನುತ್ತೆ, ಹುಡುಗಿ ಇನ್ನೂ ಗಾಬರಿ ಆಗ್ತಾಳೆ. ಎಳೆಯೋದಕ್ಕಿಂತ ಬಿಡೋದು ಉದ್ದ ಇರಬೇಕು. ಮೂಗಲ್ಲಿ 4 ಎಣಿಸೋವರೆಗೆ ಮೆಲ್ಲಗೆ ಒಳಗೆ, ತುಟಿ ಸ್ವಲ್ಪ ತೆರೆದು 6 ಎಣಿಸೋವರೆಗೆ ಹೊರಗೆ. ಉಸಿರು ಬಿಡುವಾಗ್ಲೇ ಹೃದಯ ನಿಧಾನ ಆಗೋದು. ತನ್ನ ಸರದಿಗೆ ಮುಂಚೆ ಕುರ್ಚೀಲಿ ಕೂತೇ ಎರಡು ಮೂರು ನಿಮಿಷ ಮಾಡ್ಲಿ. ಭುಜ ಮೇಲೇರಬಾರದು.

ವಾಸು: ಮೂರನೇದು 2010ರ ಒಂದು ಸಂಶೋಧನಾ ಪ್ರಬಂಧದ ‘ಪವರ್ ಪೋಸ್’ ಕಥೆ, ಗತ್ತಿನಿಂದ ನಿಂತ್ರೆ ಧೈರ್ಯ ಬರುತ್ತೆ ಅಂತ. ಹಾರ್ಮೋನ್ ಬದಲಾಗೋದು ಮುಂದಿನ ದೊಡ್ಡ ಪ್ರಯೋಗಗಳಲ್ಲಿ ಕಾಣಲೇ ಇಲ್ಲ. ಆ ಪ್ರಬಂಧದ ಮೊದಲ ಲೇಖಕಿ ಡೇನಾ ಕಾರ್ನಿಯೇ 2016ರಲ್ಲಿ ತನಗೆ ಅದರಲ್ಲಿ ನಂಬಿಕೆ ಇಲ್ಲ ಅಂದ್ರು.

ರಮೇಶ: ಬಾಯಿಪಾಠ ಮಾತ್ರ ನಾನು ಬಿಡಲ್ಲ. ಅದಿಲ್ದೆ ಅವಳು ಅಲ್ಲೇ ಕಲ್ಲಾಗಿ ನಿಂತುಬಿಡ್ತಾಳೆ.

ಗೀತಾ: ನಿಂತುಹೋಗೋದು ಬಾಯಿಪಾಠದಿಂದಾನೇ ರಮೇಶ! ಪದಕ್ಕೆ ಪದ ಕಟ್ಟಿಕೊಂಡಿರ್ತಾಳೆ, ಒಂದು ಪದ ಜಾರಿದ್ರೆ ಮುಂದಿನದಕ್ಕೆ ದಾರಿನೇ ಇಲ್ಲ. ಮೊದಲ ಮೂರು ವಾಕ್ಯ, ಕೊನೇ ಒಂದು ವಾಕ್ಯ, ಇಷ್ಟು ಬಾಯಿಪಾಠ ಇರ್ಲಿ. ಶುರುವಿನ ನಿಮಿಷದಲ್ಲೇ ಎದೆ ಜೋರಾಗಿ ಹೊಡ್ಕೊಳ್ಳೋದು, ಆಗ ಯೋಚಿಸದೆ ಬಾಯಿಗೆ ಬರೋ ಮಾತು ಬೇಕು. ನಡುವಿನದಕ್ಕೆಲ್ಲ ಒಂದು ಕಾರ್ಡು, ಅದರಲ್ಲಿ ದಪ್ಪಕ್ಷರದ ಐದಾರು ಪದ. ಪ್ರತಿ ಸಲ ಬೇರೆ ಬೇರೆ ವಾಕ್ಯದಲ್ಲಿ ಹೇಳಿ ಅಭ್ಯಾಸ ಮಾಡ್ಲಿ.

ವಾಸು: ಎ4 ಹಾಳೆ ಬೇಡ, ಸಣ್ಣ ನಡುಕಾನೂ ಅದರಲ್ಲಿ ದೊಡ್ಡದಾಗಿ ಕಾಣುತ್ತೆ, ಮೈಕಲ್ಲಿ ಪಟಪಟ ಕೇಳುತ್ತೆ. ಹಳೇ ಲಗ್ನಪತ್ರಿಕೆಯ ರಟ್ಟು ಅಂಗೈ ಅಗಲಕ್ಕೆ ಕತ್ತರಿಸಿಕೊಡು. ಕೈಮೈಕ್ ಆದ್ರೆ ಮೊಣಕೈ ಪಕ್ಕೆಗೆ ಒತ್ತಿ ಹಿಡೀಲಿ.

ರಮೇಶ: ಅಂಕಿಅಂಶ ತಪ್ಪಿದ್ರೆ?

ಗೀತಾ: ಅಂಕಿ, ವಚನ, ಹೆಸರು ಇವನ್ನ ಕಾರ್ಡಿನ ಹಿಂದೆ ಬರ್ಕೊಂಡು ನೋಡಿಯೇ ಓದ್ಲಿ. ಯಾರೂ ತಪ್ಪು ತಿಳಿಯಲ್ಲ.

ರಮೇಶ: ಆದ್ರೂ ಅವಳ ಭಯ ಎಲ್ಲರಿಗೂ ಕಾಣುತ್ತಲ್ಲ, ಅದೇ ಅವಳ ದೊಡ್ಡ ಚಿಂತೆ.

ವಾಸು: ಅವಳಿಗೆ ಅನ್ನಿಸೋವಷ್ಟು ಕಾಣಲ್ಲ. ಸವಿಟ್ಸ್ಕಿ, ಗಿಲೊವಿಚ್ ಅನ್ನೋ ಮನಶ್ಶಾಸ್ತ್ರಜ್ಞರು 2003ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ರು. ‘ನಿಮ್ಮೊಳಗಿನ ಗಾಬರಿ ಕೇಳುಗರಿಗೆ ಅಷ್ಟು ಕಾಣೋದಿಲ್ಲ’ ಅಂತ ಮೊದಲೇ ತಿಳಿಸಿದವರು ಚೆನ್ನಾಗಿ ಮಾತಾಡಿದ್ರು. ಅದಕ್ಕೇ ‘ಸಾರಿ, ನರ್ವಸ್ ಆಗಿದೀನಿ’ ಅಂತ ಅವಳೇ ಹೇಳಬಾರದು, ಅಲ್ಲೀವರೆಗೆ ಗಮನಿಸದೇ ಇದ್ದೋರೂ ಕೈ ನೋಡೋಕೆ ಶುರು ಮಾಡ್ತಾರೆ. ತಡವರಿಸಿದ್ರೆ ಒಂದು ಗುಟುಕು ನೀರು, ಕಾರ್ಡು ನೋಡೋದು, ಹಿಂದಿನ ವಾಕ್ಯವನ್ನೇ ಇನ್ನೊಂದ್ಸಲ ಹೇಳೋದು.

ಶಶಿ: ಇವತ್ತು ಬುಧವಾರ. ರೂಮಲ್ಲಿ ಒಬ್ಬಳೇ ಗೊಣಗಿದ್ರೆ ಸಾಲದು, ನಿಂತು, ಪೂರ್ತಿ ದನಿಯಲ್ಲಿ, ಜನರ ಮುಂದೆ ಆಗಬೇಕು. ಭಯ ಆಯ್ತು ಅಂತ ನಿಲ್ಲಿಸಬಾರದು, ನಡುವೆ ಬಿಟ್ಟು ಕೂತ್ರೆ ಮುಂದಿನ ಸಲ ಇನ್ನೂ ಜಾಸ್ತಿ ಆಗಬಹುದು.

ಗೀತಾ: ಇವತ್ತು ಮನೆಯವರ ಮುಂದೆ ಎರಡು ಸಲ ಹೇಳ್ಲಿ. ನಾಳೆ ರಾತ್ರಿ 8ಕ್ಕೆ ನಾವು ಮೂವರೂ ವಿಡಿಯೊ ಕಾಲಲ್ಲಿ ಕೂರ್ತೀವಿ. ಮಧ್ಯೆ ನೀನು ತಿದ್ದೋಕೆ ಹೋಗ್ಬೇಡ ರಮೇಶ. ಶುಕ್ರವಾರ ಕಾಲೇಜಲ್ಲಿ ಕೇಳ್ಕೊಂಡು ಅದೇ ಹಾಲ್‌ನಲ್ಲಿ, ಮೈಕ್ ಆನ್ ಮಾಡಿ ಮೊದಲ ಮೂರು ವಾಕ್ಯ ಹೇಳಿ ಬರ್ಲಿ.

ರಮೇಶ: 8:30 ಮಾಡ್ರೋ, ಅವಳು ಟ್ಯೂಷನ್‌ನಿಂದ ಬರೋದೇ ಎಂಟಕ್ಕೆ.